ಎಂಟು ಸೈಕಲ್ಲು, ಒಂದು ಲೆಕ್ಕದ ವಹಿ

ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟುವ ಜಾಗದಿಂದ ಅರಬ್ಬೀ ಸಮುದ್ರ ಸುಮಾರು 64 ಕಿಲೋಮೀಟರ್ ದೂರ. ಆದರೆ ನದಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ಬೆನ್ನು ಹಾಕಿ ಹೊರಟು, ಸುಮಾರು 1,400 ಕಿಲೋಮೀಟರ್ ಅಲೆದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ದಾರಿಯಲ್ಲಿ ನಮ್ಮ ಹಿಪ್ಪರಗಿ ಬ್ಯಾರೇಜಿನಲ್ಲಿ ಒಂದಿಷ್ಟು ನಿಲ್ಲುತ್ತದೆ, ಆಲಮಟ್ಟಿಯಲ್ಲಿ ಇನ್ನೊಂದಿಷ್ಟು. ಮುಧೋಳದ ಘಟಪ್ರಭೆಯದೂ ಅದೇ ದಿಕ್ಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಾದ ನಮಗೂ ಈ ನದಿಗಳ ಸ್ವಭಾವವೇ ಬಂದಂತಿದೆ. ಪಶ್ಚಿಮಕ್ಕೆ ಹೊರಟರೆ ಮೀರಜಿನ ದವಾಖಾನೆ, ಇಚಲಕರಂಜಿಯ ಮಗ್ಗ, ಕೊಲ್ಹಾಪುರದ ಚಪ್ಪಲಿ. ಅಲ್ಲಿಗೆ ನಮ್ಮ ಪಶ್ಚಿಮ ಮುಗಿಯಿತು. ಘಟ್ಟ ಇಳಿದು ಕೊಂಕಣದ ಕಡಲು ಕಂಡವರು ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಬೀಳಗಿಯ ಹಾಜಿ ಸಾಹೇಬರು ಮಾತ್ರ ಸಮುದ್ರ ನೋಡಿದ್ದೇನೆ ಎನ್ನುತ್ತಾರೆ. ಅವರು ನೋಡಿದ್ದು ಜಿದ್ದಾಕ್ಕೆ ಇಳಿಯುವ ವಿಮಾನದ ಕಿಟಕಿಯಿಂದ.

ಗುಂಪು ಎಂದೆನಲ್ಲ, ಅದು ಎಂಟು ಜನರದು. ಎಲ್ಲರೂ 1980ರ ದಶಕದಲ್ಲಿ ಜಾತ್ರೆ, ಉರುಸುಗಳ ಸೈಕಲ್ ಶರ್ಯತ್ತಿನಲ್ಲಿ ಓಡಿದವರು. ಹಳೆಯ ಅವಿಭಜಿತ ಬಿಜಾಪುರ ಜಿಲ್ಲೆ ಸೈಕ್ಲಿಂಗಿಗೆ ಹೆಸರಾದದ್ದು; ಇಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದವರು. ನಾವು ಆ ಮಟ್ಟದವರಲ್ಲ. ನಮಗೆ ಸಿಕ್ಕಿದ್ದು ಸ್ಟೀಲಿನ ಕೊಡ, ಟೇಬಲ್ ಫ್ಯಾನು, ಒಮ್ಮೆ ಒಂದು ಟಗರು. ಆದರೆ ಒಬ್ಬರ ಹಿಂದೆ ಒಬ್ಬರು ಗಾಳಿ ಮುರಿಯುತ್ತ ಓಡಿದವರ ಸ್ನೇಹ ಬೇರೆ ತರಹದ್ದು. ಮುಧೋಳದ ಮಾಸ್ತರರು ಈಗ ನಿವೃತ್ತರು. ಒಬ್ಬರು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿದ್ದು ಪೆನ್ಶನ್ ಪಡೆಯುತ್ತಿದ್ದಾರೆ. ಹಾಜಿ ಸಾಹೇಬರದು ಕಿರಾಣಿ ಅಂಗಡಿ, ಈಗ ಮಗ ನಡೆಸುತ್ತಾನೆ. ಗೌಡರಿಗೆ ಜಮಖಂಡಿ ಹೊಳೆದಂಡೆಯಲ್ಲಿ ಕಬ್ಬು. ಬನಹಟ್ಟಿಯ ಕಾಕಾ ನೂಲಿಗೆ ಬಣ್ಣ ಹಾಕುವವರು. ರಬಕವಿಯ ದೋಸ್ತ ಮನೆಯಲ್ಲಿ ಎರಡು ಪಾವರ್‌ಲೂಮ್ ಇಟ್ಟುಕೊಂಡು ಮಜೂರಿಯ ಮೇಲೆ ಸೀರೆ ನೇಯುತ್ತಾನೆ. ಎಂಟನೆಯವರು ಪೈಲ್ವಾನರು. ನನ್ನದು ಜಮಖಂಡಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ವಹಿ ಬರೆಯುವ ಕೆಲಸ ಹೀಗೆ ನನ್ನ ಪಾಲಿಗೆ ಬಂತು, ಯಾಕೆಂದರೆ ಎಲ್ಲರೂ ಬಂದು ಕೂಡುವುದು ನನ್ನ ಅಂಗಡಿಯ ಕಟ್ಟೆಯ ಮೇಲೆ.

ಕೊಂಕಣದ ದಂಡೆಗುಂಟ ಸೈಕಲ್ ಮೇಲೆ ಹೋಗೋಣ ಎಂಬ ಮಾತು ಮೊದಲು ಬಂದದ್ದು 2018ರಲ್ಲಿ. ತಿಂಗಳಿಗೆ 500 ರೂಪಾಯಿಯ ಭಿಶಿ ಹಾಕಿದೆವು. ಸವಾಲು ಇಲ್ಲ, ಬಡ್ಡಿ ಇಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಒಮ್ಮೆಲೇ ಏರಿ ನಮ್ಮ ತಾಲೂಕುಗಳ ಹೊಳೆಸಾಲಿನ ಹಳ್ಳಿಗಳು ಮುಳುಗಿದವು. ಗೌಡರ ಕಬ್ಬು ವಾರಗಟ್ಟಲೆ ನೀರಿನಲ್ಲಿ ನಿಂತಿತು. ಪ್ರವಾಸದ ಮಾತು ಆಡುವ ಸಮಯವೇ ಅಲ್ಲ. ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಗಲು ರಾತ್ರಿ ಕೇಳುವ ಖಟ್ ಖಟ್ ನಿಂತುಹೋದದ್ದನ್ನು ನಾನು ನನ್ನ ಆಯುಷ್ಯದಲ್ಲಿ ಮೊದಲ ಸಲ ಕೇಳಿದೆ. ನಿಂತದ್ದನ್ನು ಕೇಳುವುದು ಹೇಗೆಂದು ನೇಕಾರರ ಓಣಿಯವರಿಗೆ ಗೊತ್ತು. ಭಿಶಿ ಒಡೆದು ಎಲ್ಲರಿಗೂ ಅವರವರ ಹಣ ಕೊಟ್ಟೆವು. ವಹಿಯಲ್ಲಿ 'ಕಡಲು' ಎಂಬ ಖಾತೆಗೆ ಅಡ್ಡಗೆರೆ ಬಿತ್ತು. 2021ರ ಮೇ ತಿಂಗಳಲ್ಲಿ ಪೈಲ್ವಾನರು ತೀರಿಕೊಂಡರು. ಅವರ ಅಟ್ಲಾಸ್ ಸೈಕಲ್ಲು ಓವರ್‌ಹಾಲಿಗೆಂದು ಬಂದದ್ದು ನನ್ನ ಅಂಗಡಿಯ ಕೊಂಡಿಯಲ್ಲೇ ತೂಗುತ್ತ ಉಳಿಯಿತು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೂ 2020ರ ಜೂನ್ 3ರಂದು ಮುಚ್ಚಿತ್ತು. ಅಂದು ವಿಶ್ವ ಸೈಕಲ್ ದಿನ.

ಖಾತೆ ಮತ್ತೆ ತೆರೆದದ್ದು 2024ರ ಜನವರಿಯಲ್ಲಿ. ಅದಕ್ಕೆ ನೆವವಾದವನು ನನ್ನ ತಂಗಿಯ ಮಗ. ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ ಅವನು ನರ್ಸ್. ಅಟ್ಲಾಂಟಿಕ್ ಮಹಾಸಾಗರ ಅವನ ರೂಮಿನಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಅವನ ಜೊತೆ ಕೆಲಸ ಮಾಡುವವರು ಎಂಟು ಜನ ಸೇರಿ ಗಾಲ್ಫ್ ಪ್ರವಾಸದ ಯೋಜನೆ ಹಾಕಿದ್ದರು, ಅದರಲ್ಲಿ ಇವನೂ ಒಬ್ಬ. "ಮಾಮೂ, ಹೋಗೋದಕ್ಕ ಇನ್ನೂ ಒಂದೂವರಿ ವರ್ಷ ಐತಿ, ಈಗಿಂದನ ಜಗಳಾ ಚಾಲೂ ಆಗೇತಿ" ಎಂದು ಫೋನಿನಲ್ಲಿ ನಕ್ಕ. ಗಾಲ್ಫ್ ಎಂದರೆ ನಮಗೆ ಟಿವಿಯಲ್ಲಿ ಕಾಣುವ ಹಸಿರು ಹುಲ್ಲು, ಬೆಂಗಳೂರಿನ ಸಾಹೇಬರ ಕ್ಲಬ್ಬು. ಅವನು ಹೇಳಿದ್ದು ಬೇರೆಯೇ. ಕಡಲಿಗೂ ಉಳುವ ಹೊಲಕ್ಕೂ ನಡುವೆ ಯಾವುದಕ್ಕೂ ಬಾರದ ಮರಳುದಿಬ್ಬದ ನೆಲ ಇರುತ್ತದಲ್ಲ, ಅದನ್ನೇ ಅಲ್ಲಿ ಲಿಂಕ್ಸ್ ಎನ್ನುತ್ತಾರೆ. ಕುರಿ ಮೇಯುವ ಅಂಥ ನೆಲದಲ್ಲೇ ಸ್ಕಾಟ್ಲೆಂಡಿನಲ್ಲಿ ಈ ಆಟ ಬೆಳೆಯಿತಂತೆ. ಗಿಡಮರ ಇಲ್ಲ, ಗಾಳಿಗೆ ತಡೆ ಇಲ್ಲ. ಲಾಹಿಂಚ್ ಎಂಬ ಊರಿನ ಮೈದಾನದಲ್ಲಿ ಆಡುಗಳಿವೆ. ಅವು ಕ್ಲಬ್ಬಿನ ಮನೆಯ ಹತ್ತಿರ ಬಂದು ನಿಂತರೆ ಮಳೆಗಾಳಿ ಬರುತ್ತದೆ ಎಂದು ಲೆಕ್ಕ. ನಮ್ಮ ಕುರುಬರಿಗೆ ಹೇಳಿದರೆ ಇದರಲ್ಲೇನು ಹೊಸತು ಎನ್ನುತ್ತಾರೆ.

ಅವರ ಯೋಜನೆಯನ್ನು ಕೇಳುತ್ತ ಹೋದಂತೆ ನನಗೆ ಹುಕಿ ಬಂತು. ದಕ್ಷಿಣದ ವಾಟರ್‌ವಿಲ್‌ನಿಂದ ಹೊರಟು ಟ್ರಲೀ, ಬ್ಯಾಲಿಬನಿಯನ್; ಅಲ್ಲಿಂದ ಶಾನನ್ ನದಿಯ ಅಗಲವಾದ ಮುಖವನ್ನು ಟಾರ್ಬರ್ಟ್‌ನಿಂದ ಕಿಲಿಮರ್‌ಗೆ ವಾಹನದ ದೋಣಿಯಲ್ಲಿ ದಾಟಿ ಲಾಹಿಂಚ್; ಆಮೇಲೆ ಉತ್ತರಕ್ಕೆ ಸ್ಲೈಗೋವರೆಗೆ. ಆ ದಂಡೆಯುದ್ದಕ್ಕೂ ಹೋಗುವ ಸುಮಾರು 2,500 ಕಿಲೋಮೀಟರ್ ರಸ್ತೆಗೆ 2014ರಲ್ಲಿ 'ವೈಲ್ಡ್ ಅಟ್ಲಾಂಟಿಕ್ ವೇ' ಎಂದು ಹೆಸರಿಟ್ಟು ಪ್ರವಾಸಿಗರನ್ನು ಕರೆಯುತ್ತಿದ್ದಾರೆ. ಹೆಸರಾದ ಮೈದಾನಗಳಲ್ಲಿ ಒಂದು ದಿನದ ಆಟಕ್ಕೆ ನೂರಾರು ಯೂರೋ. ಒಂದು ಆಟದ ಹಣದಲ್ಲಿ ರಬಕವಿಯಲ್ಲಿ ಒಂದು ಮನೆ ತಿಂಗಳು ನಡೆಯುತ್ತದೆ. ಹಾಗೆಂದು ನಾನು ಅವನನ್ನು ಬಯ್ಯಲಿಲ್ಲ. ದುಡಿದವನು ವರ್ಷಕ್ಕೊಮ್ಮೆ ಗಾಳಿಗೆ ಎದೆ ಕೊಟ್ಟು ಬಂದರೆ ತಪ್ಪೇನಿಲ್ಲ. ನನಗೆ ಹಿಡಿಸಿದ್ದು ಆ ಆಟದ ಒಂದು ಲೆಕ್ಕ. ಅಲ್ಲಿ ಕಸುಬಿಯೂ ಕಲಿಯುವವನೂ ಒಟ್ಟಿಗೆ ಆಡಬಹುದು. ಪ್ರತಿಯೊಬ್ಬನ ಹಿಂದಿನ ಆಟ ನೋಡಿ ಅವನಿಗೊಂದು ಸಂಖ್ಯೆ ಕೊಡುತ್ತಾರೆ, ಅದಕ್ಕೆ ಹ್ಯಾಂಡಿಕ್ಯಾಪ್ ಎಂದು ಹೆಸರು. 2020ರಿಂದ ಇಡೀ ಜಗತ್ತಿಗೆ ಒಂದೇ ಪದ್ಧತಿ ಬಂದಿದೆ, ಹೆಚ್ಚೆಂದರೆ 54. ಪಳಗಿದವನದು ಸೊನ್ನೆಯ ಹತ್ತಿರ. ಆಟ ಮುಗಿದ ಮೇಲೆ ಅವರವರ ಹೊಡೆತಗಳಿಂದ ಆ ಸಂಖ್ಯೆಯನ್ನು ಕಳೆದು ಯಾರು ಗೆದ್ದರೆಂದು ನೋಡುತ್ತಾರೆ. ನನ್ನ ತಂಗಿಯ ಮಗನದು 54. ದೊಡ್ಡ ಡಾಕ್ಟರರನ್ನು ಅವನು ಒಮ್ಮೆ ಸೋಲಿಸಿದನಂತೆ.

ಈ ಮಾತನ್ನು ನಾನು ಕಟ್ಟೆಯ ಮೇಲೆ ಹೇಳಿದಾಗ ಮಾಸ್ತರರು ಚಾದ ಕಪ್ಪು ಕೆಳಗಿಟ್ಟು, "ಅವ್ರೂ ಎಂಟು ಮಂದಿ, ನಾವೂ ಎಂಟು. ಅವ್ರು ಹೋಗಿ ಬರ್ತಾರ, ನಾವು ಹೋಗೂದಿಲ್ಲ. ಯಾಕ?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಎಂಟನೆಯವರು ಕೊಂಡಿಗೆ ತೂಗುಬಿದ್ದ ಸೈಕಲ್ಲಾಗಿ ಮಾತ್ರ ಉಳಿದಿದ್ದರು. ಪೈಲ್ವಾನರ ಮಗ ಆ ಸೈಕಲ್ಲನ್ನು ಮಾರಿಕೊಡಿ ಎಂದು ಕೇಳಲು ಬಂದದ್ದು ಅದೇ ತಿಂಗಳು. ಮೊಬೈಲ್ ಅಂಗಡಿಯಲ್ಲಿ ಕೆಲಸ, ಇಪ್ಪತ್ನಾಲ್ಕರ ಹುಡುಗ. ನಮ್ಮ ಮಾತು ಕೇಳಿ ನಿಂತ. "ಕಾಕಾ, ಅಪ್ಪಾಜಿ ಜಾಗಾದಾಗ ನಾ ಬರ್ಲೇನ್ರಿ?" ಎಂದ. ಸೈಕಲ್ಲು ಕೊಂಡಿಯಿಂದ ಇಳಿಯಿತು.

ಇನ್ನು ದಾರಿಯ ಮಾತು. ಇದರಲ್ಲಿ ನಾವು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಕಂಡಕ್ಟರರ ಸೂಚನೆ ಸರಳವಾಗಿತ್ತು: ನಿಪ್ಪಾಣಿಗೆ ಹೋಗಿ, ರಾಧಾನಗರಿ ದಾಟಿ, ಫೋಂಡಾ ಘಾಟ್ ಇಳಿದು ದೇವಗಡ, ಅಲ್ಲಿಂದ ದಂಡೆ ಹಿಡಿದು ಉತ್ತರಕ್ಕೆ. ನಮಗೆ ಅದು ಹತ್ತಿರದ ಕಡಲು. ನಾನು ಒಪ್ಪಲಿಲ್ಲ. ಕೊಂಕಣದಲ್ಲಿ ಮಳೆಗಾಲ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುವುದು ಕಡಲಿನಿಂದ, ಹೆಚ್ಚಾಗಿ ವಾಯವ್ಯದಿಂದ. ಉತ್ತರಕ್ಕೆ ಹೊರಟರೆ ದಿನವೂ ಅರ್ಧ ದಿನ ಗಾಳಿಗೆ ಮುಖ ಕೊಡಬೇಕು. ಅರವತ್ತು ದಾಟಿದವರ ಮೊಣಕಾಲಿಗೆ ಇದು ಸಣ್ಣ ಮಾತಲ್ಲ. ಸೈಕಲ್ಲುಗಳನ್ನು ಕ್ರೂಸರ್ ಗಾಡಿಯ ಮೇಲೆ ಕಟ್ಟಿ ಮೊದಲೇ ಉತ್ತರಕ್ಕೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಇಳಿಯುತ್ತ ಬಂದರೆ ಗಾಳಿ ಬೆನ್ನಿಗಿರುತ್ತದೆ. ಎರಡು ತಿಂಗಳು ವಾದ ನಡೆಯಿತು. ಕೊನೆಗೆ ಗೌಡರು, "ಹಂಗಾಮಿನ ಗಾಳಿಗೆ ಎದುರ ನಿಂತು ಯಾರರ ತೂರ್ತಾರೇನ್ರಿ?" ಎಂದು ಕೇಳಿದ ಮೇಲೆ ಕಂಡಕ್ಟರರು ಸುಮ್ಮನಾದರು.

ಹೀಗೆ ಗೊತ್ತಾದ ದಾರಿ ಇದು: ಕುಡಚಿ, ಮೀರಜ, ಕರಾಡ ಮೇಲೆ ಕುಂಭಾರ್ಲಿ ಘಾಟ್ ಇಳಿದು ಚಿಪಳೂಣ, ಅಲ್ಲಿಂದ ದಾಭೋಳ. ಅಷ್ಟು ಗಾಡಿಯಲ್ಲಿ. ದಾಭೋಳದಿಂದ ಸೈಕಲ್ ಶುರು. ಖಾಡಿಯನ್ನು ದೋಣಿಯಲ್ಲಿ ದಾಟಿ ಧೋಪಾವೆ, ಗುಹಾಗರ, ತವಸಾಳ. ಅಲ್ಲಿ ಮತ್ತೊಂದು ಖಾಡಿ ದಾಟಿ ಜಯಗಡ. ಗಣಪತಿಪುಳೆ ಮೇಲೆ ರತ್ನಾಗಿರಿ, ಪಾವಸ, ಜೈತಾಪುರ, ವಿಜಯದುರ್ಗ, ಕೊನೆಗೆ ದೇವಗಡ. ಹತ್ತಿರ ಹತ್ತಿರ 250 ಕಿಲೋಮೀಟರ್, ಐದು ದಿನ. ನಮ್ಮ ಎರೆನೆಲದಲ್ಲಿ ಇಷ್ಟು ದೂರವನ್ನು ಹರೆಯದಲ್ಲಿ ಎರಡು ದಿನಕ್ಕೆ ಮುಗಿಸುತ್ತಿದ್ದೆವು. ಆದರೆ ಕೊಂಕಣದ ದಂಡೆ ಸಪಾಟಲ್ಲ. ಕೆಂಪು ಜಂಬಿಟ್ಟಿಗೆಯ ಬಯಲು ಕಡಲ ತನಕ ಬಂದು ಕಡಿದ ಹಾಗೆ ನಿಲ್ಲುತ್ತದೆ. ಅದನ್ನು ಹತ್ತು ಹದಿನೈದು ಮೈಲಿಗೊಂದು ಖಾಡಿ ಸೀಳಿದೆ. ಪ್ರತಿ ಖಾಡಿಗೂ ರಸ್ತೆ ಇಳಿಯಬೇಕು, ದಾಟಿ ಮತ್ತೆ ಏರಬೇಕು. ದೊಡ್ಡ ಘಟ್ಟ ಒಂದೇ ಸಲ ಏರಿ ಮುಗಿಯುತ್ತದೆ. ಈ ಸಣ್ಣ ಏರುಗಳು ಮುಗಿಯುವುದಿಲ್ಲ. ಇಳಿಯುವಾಗ ಹಳೆಯ ರಾಡ್ ಬ್ರೇಕನ್ನು ನಂಬಬಾರದು. ಎಂಟೂ ಸೈಕಲ್ಲಿಗೆ ಹೊಸ ಬ್ರೇಕ್ ಶೂ, ಹಿಂದಿನ ಗಾಲಿಗೆ ದೊಡ್ಡ ಫ್ರೀವ್ಹೀಲ್ ಹಾಕಿದ್ದೇನೆ. ಹಲ್ಲು ಜಾಸ್ತಿ ಇದ್ದಷ್ಟೂ ಏರಿನಲ್ಲಿ ಕಾಲಿಗೆ ಹಗುರ. ಚೈನಿಗೆ ಉಪ್ಪುಗಾಳಿ ತಾಗಿದರೆ ಒಂದೇ ರಾತ್ರಿಯಲ್ಲಿ ಜಂಗು ಹಿಡಿಯುತ್ತದೆ, ದಿನವೂ ಒರೆಸಿ ಎಣ್ಣೆ ಬಿಡಬೇಕು.

ಏರು ಕಲಿಯಲು ನಮ್ಮಲ್ಲಿ ಇರುವುದು ಜಮಖಂಡಿಯ ರಾಮತೀರ್ಥದ ಗುಡ್ಡ ಒಂದೇ. ಪಟವರ್ಧನ ಅರಸರು ಮೇಲೆ ಅರಮನೆ ಕಟ್ಟಿಸಿದ್ದು ಒಳ್ಳೆಯದೇ ಆಯಿತು. ಭಾನುವಾರ ಬೆಳಿಗ್ಗೆ ಫಜರ್ ನಮಾಝ್ ಮುಗಿಸಿಕೊಂಡು ಮೂವರು, ಪೂಜೆ ಮುಗಿಸಿಕೊಂಡು ಐವರು ಅಲ್ಲಿ ಸೇರುತ್ತೇವೆ. ಮೂರು ಸಲ ಏರಿ ಇಳಿಯುವುದು. ಹಂಗಾಮಿನ ದಿನಗಳಲ್ಲಿ ರಸ್ತೆಯಲ್ಲಿ ಕಬ್ಬಿನ ಡಬಲ್ ಟ್ರಾಲಿಗಳ ಕಾಟ. ಹಿಂದೆ ಕೆಂಪು ದೀಪವೂ ಇಲ್ಲದೆ ನಿಂತಿರುತ್ತವೆ. ಕೊಂಕಣದ ಕಡಿದಾದ ದಂಡೆಗಿಂತ ನನಗೆ ಹೆದರಿಕೆ ಇವುಗಳದೇ.

ದಾಭೋಳದಿಂದಲೇ ಶುರು ಮಾಡಬೇಕೆಂದು ನಾನು ಹಟ ಹಿಡಿಯಲು ಗಾಳಿಯೊಂದೇ ಕಾರಣವಲ್ಲ. ದಾಭೋಳ ಒಂದು ಕಾಲಕ್ಕೆ ನಮ್ಮದೇ ಬಂದರು. ಬಹಮನಿಗಳ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳ ಕುದುರೆ, ಬಟ್ಟೆ, ಹಜ್ಜ್ ಯಾತ್ರಿಕರು ಎಲ್ಲವೂ ಹೋಗಿ ಬರುತ್ತಿದ್ದ ಬಾಗಿಲು ಅದು. ಹದಿನೈದನೇ ಶತಮಾನದಲ್ಲಿ ಬೀದರ್, ಕಲಬುರ್ಗಿ ನೋಡಿ ಹೋದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ದೇಶಕ್ಕೆ ಮರಳಲು ಹಡಗು ಹತ್ತಿದ್ದು ಇಲ್ಲೇ. 1508ರ ಕೊನೆಯಲ್ಲಿ ಪೋರ್ಚುಗೀಸರ ಅಲ್ಮೇಡಾ ಈ ಊರನ್ನು ಸುಟ್ಟ. ಎರಡು ವರ್ಷದಲ್ಲಿ ಗೋವೆಯೂ ಆದಿಲ್‌ಶಾಹಿಗಳ ಕೈತಪ್ಪಿತು. ಬಿಜಾಪುರದ ಗೋಳಗುಮ್ಮಟ ನೋಡಲು ನಮ್ಮ ಶಾಲೆಯ ಮಕ್ಕಳನ್ನು ಪ್ರತಿ ವರ್ಷ ಕರೆದೊಯ್ಯುತ್ತೇವೆ. ಆ ರಾಜ್ಯಕ್ಕೆ ಒಂದು ಕಡಲೂ ಇತ್ತು ಎಂದು ಯಾರೂ ಹೇಳುವುದಿಲ್ಲ.

ದಾಭೋಳದಲ್ಲಿ ನೀರಿನ ದಂಡೆಗೆ ಹತ್ತಿಕೊಂಡೇ ಬಿಜಾಪುರದ ಮಾದರಿಯ ಗುಮ್ಮಟವಿರುವ ಒಂದು ಮಸೀದಿ ಇದೆ. ಅದರ ಬಗ್ಗೆ ಒಂದು ಹೇಳಿಕೆ ಉಂಟು. 1659-60ರ ಸುಮಾರಿಗೆ ಬಿಜಾಪುರದ ಒಬ್ಬ ರಾಜಕುಮಾರಿ ದೊಡ್ಡ ಪರಿವಾರ, ಅಪಾರ ಹಣ ಕಟ್ಟಿಕೊಂಡು ಮಕ್ಕಾಕ್ಕೆಂದು ಇಲ್ಲಿಯವರೆಗೆ ಬಂದಳು. ಕಡಲುಗಳ್ಳರ ಭಯದಿಂದ ಹಡಗು ಹೊರಡಲಿಲ್ಲ. ಹಿಂದಿರುಗುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಹಜ್ಜ್‌ಗೆಂದು ತಂದ ಹಣವನ್ನು ಈ ಮಸೀದಿಗೆ ಹಾಕಿದಳು. ಇದರಲ್ಲಿ ಇತಿಹಾಸ ಎಷ್ಟು, ಕತೆ ಎಷ್ಟು ಎಂಬುದು ಪಂಡಿತರಿಗೆ ಬಿಟ್ಟದ್ದು. ಹೊಳೆ ಬಂದು, ಬೇನೆ ಬಂದು, ಖಾತೆಗೆ ಗೆರೆ ಎಳೆದ ನಮಗೆ ಆ ಹೆಣ್ಣುಮಗಳು ಪರಕೀಯಳೆನಿಸಲಿಲ್ಲ. ಹಾಜಿ ಸಾಹೇಬರಂತೂ ಅಲ್ಲಿ ಎರಡು ರಕಅತ್ ನಮಾಝ್ ಮಾಡದೆ ಸೈಕಲ್ ಹತ್ತುವುದಿಲ್ಲ ಎಂದಿದ್ದಾರೆ.

ನಮಾಝಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮೂವರದು ಹನಫಿ ಪದ್ಧತಿ. ಸುಮಾರು 48 ಮೈಲಿಗಿಂತ ದೂರ ಹೊರಟು ಹದಿನೈದು ದಿನದೊಳಗೆ ಮರಳುವ ಮುಸಾಫಿರನಿಗೆ ನಾಲ್ಕು ರಕಅತ್‌ನ ಫರ್ಝ್ ಎರಡಾಗುತ್ತದೆ. ಕೊಂಕಣಿ ಮುಸ್ಲಿಮರು ಶಾಫಿಈಗಳು. ಅವರಲ್ಲಿ ಅಸರ್ ನಮ್ಮದಕ್ಕಿಂತ ಬೇಗ. ಆ ಹೊತ್ತು ಮಸೀದಿ ಕಂಡಲ್ಲಿ ನಿಲ್ಲುವುದು, ಉಳಿದ ಐವರು ಅಲ್ಲೇ ಚಾ ಕುಡಿಯುವುದು ಎಂದು ಮಾಸ್ತರರೇ ವೇಳಾಪಟ್ಟಿಯಲ್ಲಿ ಬರೆದಿದ್ದಾರೆ. ಇದಕ್ಕೆ ಐದು ನಿಮಿಷದ ಚರ್ಚೆಯೂ ಆಗಲಿಲ್ಲ. ಊಟದ್ದು ಅದಕ್ಕಿಂತ ಕಷ್ಟವಾಯಿತು. ಮಾಸ್ತರರು, ಗೌಡರು ಮೀನಿನ ವಾಸನೆಯನ್ನೂ ತಾಳರು. ಕಂಡಕ್ಟರರು ಹೊರಟದ್ದೇ ಬಂಗಡೆಗಾಗಿ. ಖಾನಾವಳಿಯಲ್ಲಿ ಎರಡು ಮೇಜು, ಒಂದೇ ಬಿಲ್ಲು ಎಂದು ತೀರ್ಮಾನವಾಗಿದೆ.

ಈಗ ವಹಿಯ ವಿಷಯ. ಖರ್ಚಿನ ಅಂದಾಜು ಹೀಗೆ ಬಂತು: ಆರು ರಾತ್ರಿಗೆ ನಾಲ್ಕು ರೂಮು 28,800, ಏಳು ದಿನದ ಊಟ, ಚಾ 22,400, ಕ್ರೂಸರ್ ಬಾಡಿಗೆ, ಡೀಸೆಲ್, ಡ್ರೈವರ್ ಸೇರಿ 30,000, ದೋಣಿ, ಟ್ಯೂಬು, ಔಷಧಿ 4,600. ಒಟ್ಟು 85,800. ಎಂಟರಿಂದ ಭಾಗಿಸಿದರೆ ತಲೆಗೆ 10,725. ಭಿಶಿಯಲ್ಲಿ ಎರಡು ವರ್ಷಕ್ಕೆ 12,000 ಕೂಡಿತ್ತು. ಎಲ್ಲರಿಗೂ ಸಮಾಧಾನವಾಯಿತು, ರಬಕವಿಯ ದೋಸ್ತನೊಬ್ಬನನ್ನು ಬಿಟ್ಟು. ಅವನು ಚಾ ಮುಟ್ಟಲಿಲ್ಲ. "ನನ್ನ ಬಿಡ್ರಿ ಸಾಹೇಬ್ರ. ನನ್ನ ರೊಕ್ಕಾ ನೀವ ಇಟ್ಕೊಂಡು ಹೋಗಿ ಬರ್ರಿ. ಮಗ್ಗ ವಾರ ನಿಂತ್ರ ಮನಿ ನಿಂತಂಗ" ಎಂದ.

ಹಾಜಿ ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಅವನ ಖರ್ಚು ನನ್ನದಿರಲಿ, ಹದಿಯಾ ಎಂದು ತಿಳಿದುಕೊಳ್ಳಲಿ ಎಂದರು. ದೋಸ್ತನ ಮುಖ ಕೆಂಪಾಯಿತು. "ನಾ ತಿರುಪಿ ಬೇಡಾಕ ಬಂದಿಲ್ರಿ ಹಾಜಿ ಸಾಹೇಬ್ರ" ಎಂದು ಎದ್ದ. ಅವನನ್ನು ಕೈಹಿಡಿದು ಕೂಡಿಸಿದವರು ಮಾಸ್ತರರು. ನನ್ನ ಕೈಯಿಂದ ವಹಿ ತೆಗೆದುಕೊಂಡು, "ಲೆಕ್ಕಾನ ತಪ್ಪೈತಿ" ಎಂದರು.

ಅವರ ಮಾತಿನ ಸಾರಾಂಶ ಇಷ್ಟು. ನಾನು ಮತ್ತು ಕಂಡಕ್ಟರರು ಕಡಲದಂಡೆಯಲ್ಲಿ ಮಲಗಿದ್ದರೂ ಪೆನ್ಶನ್ ಬರುತ್ತದೆ. ಇವನ ಮಗ್ಗ ನಿಂತರೆ ದಿನಕ್ಕೆ 500 ಹೋಗುತ್ತದೆ. ಹಾಗಿದ್ದ ಮೇಲೆ ಈ ಪ್ರವಾಸಕ್ಕೆ ನಮ್ಮ ಖರ್ಚು 10,725 ಆದರೆ ಇವನ ಖರ್ಚು 14,225. ಬಡವನಿಗೆ ಜಾಸ್ತಿ ದರ ಹಾಕಿದ ಹಾಗಾಯಿತಲ್ಲ? ಹೋದ ಮಜೂರಿಯೂ ಪ್ರವಾಸದ ಖರ್ಚೇ. ಅದನ್ನು ಕ್ರೂಸರ್ ಬಾಡಿಗೆಯ ಕೆಳಗೆ ಬರೆಯಿರಿ, ಆಮೇಲೆ ಭಾಗಿಸಿ. "ನಿಮ್ಮ ತಂಗಿ ಮಗಾ ಹೇಳಿದ ಆಟದ ಲೆಕ್ಕ ಇದ ಅಲ್ಲೇನ್ರಿ?" ಎಂದು ನನ್ನ ಕಡೆ ನೋಡಿದರು.

ದೋಸ್ತ ಸ್ವಲ್ಪ ಹೊತ್ತು ಯೋಚಿಸಿ, "ಬರಿಯೂದಾದ್ರ ಎಲ್ಲಾರ್ದೂ ಬರೀರಿ. ನನ್ನೊಬ್ಬಂದ ಬರದ್ರ ನಾ ಬರೂದಿಲ್ಲ" ಎಂದ. ಆ ಮೇಲೆ ಕಟ್ಟೆಯ ಮೇಲೆ ನಡೆದದ್ದು ದೊಡ್ಡ ತಮಾಷೆ. ಬಣ್ಣದ ಕಾಕಾ ದಿನಕ್ಕೆ 700 ಎಂದರು. ನನ್ನ ಅಂಗಡಿಗೆ 600 ಎಂದು ಮಾಸ್ತರರೇ ಬರೆದರು, ನಾನು ಕಡಿಮೆ ಹೇಳಿದ್ದೆ. ಪೈಲ್ವಾನರ ಮಗನಿಗೆ ಪಗಾರಿಲ್ಲದ ರಜೆ, 500. ಗೌಡರು ಎಮ್ಮೆ ಹಿಂಡಲು ಆಳಿಗೆ ಕೊಡುವ 300 ಬರೆಸಿ, ತಾವಿಲ್ಲದಾಗ ಎಮ್ಮೆ ಕೊಡುವ ಹಾಲು ಕಡಿಮೆಯಾಗುತ್ತದೆ, ಅದನ್ನೂ ಬರೆಯಿರಿ ಎಂದು ಹಟ ಮಾಡಿದರು. ಎಮ್ಮೆಯ ವಿರಹಕ್ಕೆ ಖಾತೆ ಇಲ್ಲ ಎಂದು ಎಲ್ಲರೂ ಸೇರಿ ತಳ್ಳಿಹಾಕಿದೆವು. ಪೆನ್ಶನ್ದಾರರು, ಹಾಜಿ ಸಾಹೇಬರು ಸೊನ್ನೆ. ಏಳು ದಿನಕ್ಕೆ ಎಲ್ಲ ಕೂಡಿ 18,200. ಒಟ್ಟು 1,04,000, ಎಂಟರಿಂದ ಭಾಗಿಸಿದರೆ ಸರಿಯಾಗಿ 13,000. ಅದರಲ್ಲಿ ಅವರವರ ನಷ್ಟ ಕಳೆದು ಉಳಿದದ್ದನ್ನು ಕೊಡುವುದು. ದೋಸ್ತ ಕೊಡಬೇಕಾದದ್ದು 9,500. ಭಿಶಿಯ ಅವನ 12,000ದಲ್ಲಿ 2,500 ಅವನಿಗೇ ಮರಳಿತು. ಪೆನ್ಶನ್ದಾರರು, ಹಾಜಿ ಸಾಹೇಬರು ತಲಾ 1,000 ಮತ್ತೆ ಹಾಕಿದರು. ದೋಸ್ತ 2,500ನ್ನು ಎರಡು ಸಲ ಎಣಿಸಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ತಣ್ಣಗಾದ ಚಾ ಕುಡಿದ. ಕೊಡುವ ಕೈ ದೊಡ್ಡದೆಂದು ನಾವು ದಿನಾ ಕೇಳುತ್ತೇವೆ. ಎದುರಿನವನು ತಲೆ ತಗ್ಗಿಸದ ಹಾಗೆ ಲೆಕ್ಕ ಬರೆಯುವ ಕೈ ಅದಕ್ಕಿಂತ ಅಪರೂಪ ಎಂದು ನನಗೆ ಅವತ್ತು ಅನಿಸಿತು.

ಗುಂಪಿಗೊಬ್ಬ ಮುಖಂಡ ಬೇಕೆಂಬ ಮಾತು ತೆಗೆದವರು ಹಾಜಿ ಸಾಹೇಬರು. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ಅಮೀರ್ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಎಲ್ಲರೂ ಅವರ ಕಡೆಗೇ ಬೆರಳು ತೋರಿಸಿದಾಗ ಅವರು ಇನ್ನೊಂದು ಹದೀಸ್ ಹೇಳಿದರು. ಪ್ರವಾದಿಯವರು ಪ್ರಯಾಣದಲ್ಲಿ ಹಿಂದೆ ಉಳಿಯುತ್ತಿದ್ದರಂತೆ. ದಣಿದವರ ಪ್ರಾಣಿಗಳನ್ನು ಮುಂದೆ ನಡೆಸುತ್ತ, ನಡೆಯಲಾರದವರನ್ನು ತಮ್ಮ ಹಿಂದೆ ಕೂಡಿಸಿಕೊಳ್ಳುತ್ತ. ಹಾಗಾದರೆ ಅಮೀರನೆಂದರೆ ಕೊನೆಯ ಸೈಕಲ್ಲು ತುಳಿಯುವವನು. ನಮ್ಮಲ್ಲಿ ಮೂವತ್ತು ವರ್ಷ ಹಿಂದಿನ ಬಾಗಿಲಲ್ಲಿ ನಿಂತು, ಕೊನೆಯ ಮುದುಕಿ ಹತ್ತುವ ತನಕ ಸೀಟಿ ಊದದೆ ಇದ್ದವರು ಒಬ್ಬರೇ. ಕಂಡಕ್ಟರರು ಹಣೆಗೆ ವಿಭೂತಿ ಹಚ್ಚುವವರು, ಈಗ ಎಲ್ಲರೂ ಅವರನ್ನು ಅಮೀರ್ ಸಾಹೇಬ್ ಎನ್ನುತ್ತೇವೆ. ಹಳೆಯ ಸೀಟಿಯನ್ನು ಹುಡುಕಿ ತೆಗೆದಿದ್ದಾರೆ.

2025ರ ಡಿಸೆಂಬರಿಗೆ ಹೊರಡಬೇಕೆಂದಿದ್ದೆವು. ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ರೈತರ ಹೋರಾಟ ಎದ್ದಿತು. ಕಡಿಯುವ ಗ್ಯಾಂಗು ಗೌಡರ ಹೊಲಕ್ಕೆ ಬರುವುದು ತಡವಾಯಿತು. ಕಬ್ಬು ಬಿಟ್ಟು ಬನ್ನಿ ಎಂದು ರೈತನಿಗೆ ಹೇಳುವಂತಿಲ್ಲ. ಮುಂದೆ ಸಂಕ್ರಾಂತಿ, ಬನಶಂಕರಿ ಜಾತ್ರೆ, ಅದರ ಬೆನ್ನಿಗೆ ರಮಝಾನ್. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಚಳಿಗಾಲದೊಳಕ್ಕೆ ಬರುತ್ತಿದೆ. ಹಾಗಾಗಿ ನಮಗೆ ಉಳಿಯುವುದು ಡಿಸೆಂಬರಿನ ಎರಡು ವಾರ ಮಾತ್ರ. ಬರುವ ಡಿಸೆಂಬರ್ ಎಂದು ಮತ್ತೆ ಬರೆದಿದ್ದೇವೆ. ಇಷ್ಟರಲ್ಲಿ ಮನೆಯ ಹೆಣ್ಣುಮಕ್ಕಳಿಗೂ ಸುದ್ದಿ ಮುಟ್ಟಿ, "ಕಡಲ ನೀವ ಅಷ್ಟ ನೋಡಬೇಕಂತ ಎಲ್ಲೆರ ಬರದೈತೇನು?" ಎಂಬ ಪ್ರಶ್ನೆ ಬಂದಿದೆ. ಅವರು ತಮ್ಮದೇ ಒಂದು ಭಿಶಿ ಶುರು ಮಾಡಿದ್ದಾರೆ. ಅವರ ವಹಿಯನ್ನು ನನಗೆ ತೋರಿಸುವುದಿಲ್ಲ.

ಕೊನೆಗೆ ಉಳಿದದ್ದು ರೂಮಿನ ಪ್ರಶ್ನೆ. ಇದನ್ನು ಕಟ್ಟೆಯ ಮೇಲೆ ಬಹಳ ದಿನ ಯಾರೂ ಎತ್ತಿರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಇತ್ತು. ಹೆಸರು ಕೇಳಿದ ಮೇಲೆ ಖಾಲಿ ಇದ್ದ ರೂಮು ಒಮ್ಮೆಲೇ ತುಂಬಿಹೋದ ಅನುಭವ ನನಗೂ ಒಂದೆರಡು ಊರಿನಲ್ಲಿ ಆಗಿದೆ. ಬಣ್ಣದ ಕಾಕಾನ ಮನೆಯವರು ಇದೇ ಚಿಂತೆಯಿಂದ ಅವರನ್ನು ಕಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಗೌಡರಿಗೆ ಇದು ತಿಳಿದು, "ಅದಕ್ಯಾಕ ಚಿಂತಿ? ಎಲ್ಲಾ ರೂಮು ನನ್ನ ಹೆಸರಿನ್ಯಾಗ ತಗಿತೇನಿ. ಯಾರ ಕೇಳ್ತಾರ?" ಎಂದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಗೌಡರ ಹೆಸರಿನ ಮರೆಯಲ್ಲಿ ಮಲಗಿದರೆ ನಿದ್ದೆ ಬರುತ್ತದೆಯೇ? ಆಧಾರ್ ಕಾರ್ಡು ಕೇಳಿದಾಗ ರಾತ್ರಿ ಹತ್ತು ಗಂಟೆಗೆ ಎದ್ದು ಎಲ್ಲಿಗೆ ಹೋಗುವುದು? ನಾನು ಹೇಳಿದ್ದು ಇಷ್ಟೇ: ಫೋನಿನಲ್ಲಿ ಮೊದಲೇ ಎಂಟೂ ಹೆಸರು ಹೇಳೋಣ, ಊರು ಹೇಳೋಣ. ಬೇಡ ಎಂದವರಲ್ಲಿ ಎಂಟೂ ಜನ ಇಳಿಯುವುದು ಬೇಡ. ಗೌಡರು ಸುಮ್ಮನಿದ್ದರು. ಮಾಸ್ತರರು, "ಹೌದು, ಎಂಟಂದ್ರ ಎಂಟು" ಎಂದರು. ಪೈಲ್ವಾನರ ಮಗ ಮಾತ್ರ, ಹಾಗಾದರೆ ಎಲ್ಲಿಯೂ ರೂಮು ಸಿಗದಿದ್ದರೆ ಎಂದು ಕೇಳಿದ. ದಾಭೋಳದಿಂದ ದೇವಗಡದ ತನಕ ಮಸೀದಿಗಳಿವೆ, ಮಂದಿರಗಳಿವೆ, ಎಸ್.ಟಿ. ಸ್ಟ್ಯಾಂಡುಗಳಿವೆ ಎಂದು ಅಮೀರ್ ಸಾಹೇಬರು ಹೇಳಿದರು.

ಕಳೆದ ಭಾನುವಾರ ಅವರೇ ಫೋನ್ ಹಿಡಿದು ಕೂತರು. ಕರಾಡ, ಮೀರಜದ ಬಸ್ಸಿನಲ್ಲಿ ಕಲಿತ ಮರಾಠಿ ಅವರದು. ಸ್ಪೀಕರ್ ಹಾಕಿದ್ದರು. ಗುಹಾಗರದ ಲಾಡ್ಜಿನ ಮಾಲೀಕರಿಗೆ ನಿಧಾನವಾಗಿ, ಟಿಕೆಟ್ ಹರಿದುಕೊಟ್ಟ ಹಾಗೆ, ಒಂದೊಂದೇ ಹೆಸರು ಓದಿದರು. ಮೊದಲು ಹಾಜಿ ಸಾಹೇಬರದು, ಆಮೇಲೆ ನನ್ನದು, ಕಾಕಾನದು, ಉಳಿದವರದು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಾವೂ ಉಸಿರು ಹಿಡಿದಿದ್ದೆವು. ಆಮೇಲೆ ಆ ಮನುಷ್ಯ ಕೇಳಿದ: ಎಂಟು ಸೈಕಲ್ಲು ಎಂದಿರಲ್ಲ, ರಾತ್ರಿ ಎಲ್ಲಿ ಇಡುತ್ತೀರಿ? ಮೆಟ್ಟಿಲ ಮೇಲೆ ಎತ್ತಿ ತರಬೇಡಿ, ಈಗಷ್ಟೇ ಗೋಡೆಗೆ ಬಣ್ಣ ಹೊಡೆಸಿದ್ದೇನೆ. ಹಿತ್ತಿಲಲ್ಲಿ ತೆಂಗಿನ ಗಿಡಗಳ ಕೆಳಗೆ ಶೆಡ್ ಇದೆ, ಅಲ್ಲಿಡಿ.

ನಾಲ್ಕು ರೂಮಿಗೆ ಮುಂಗಡ ಕಳಿಸಿದ್ದೇವೆ. ರತ್ನಾಗಿರಿಯದೂ ಆಯಿತು. ದೇವಗಡದ್ದು ಇನ್ನೂ ಆಗಬೇಕು, ಅಲ್ಲಿಯ ಫೋನು ಎತ್ತುತ್ತಿಲ್ಲ.